ತಂತಿ ಬದಿಯಲ್ಲಿ ದೇವಕಣಗಿಲೆ ನೆಡಲು ಕೋರಿ ನಿವಾಸಿಗಳ ಮನವಿ

ಗೆ,
ಮಾನ್ಯ ಪೌರಾಯುಕ್ತರು,
ನಗರಸಭೆ ಕಾರ್ಯಾಲಯ.

ವಿಷಯ: ಬಡಾವಣೆಯ ಎರಡನೇ ಮುಖ್ಯರಸ್ತೆಯಲ್ಲಿ ಈ ಮುಂಗಾರಿಗೆ ನೆಡುವ ಸಸಿಗಳ ಆಯ್ಕೆ ಕುರಿತು.

ಮಾನ್ಯರೇ,

ಬಯಲುಸೀಮೆಯ ಈ ಊರಿನಲ್ಲಿ ಜೂನ್‌ನಲ್ಲಿ ನೆಟ್ಟ ಸಸಿಗಳಲ್ಲಿ ಬಹುಪಾಲು ಯುಗಾದಿ ಕಾಣುವುದಿಲ್ಲ. ನಮ್ಮ ರಸ್ತೆಯಲ್ಲಿ ಕಳೆದ ವರ್ಷ ನೆಟ್ಟ 19 ಸಸಿಗಳ ಪೈಕಿ ಉಳಿದಿರುವುದು ನಾಲ್ಕು; ಮಿಕ್ಕ ಕಡೆ ಕಬ್ಬಿಣದ ಬೇಲಿಯಷ್ಟೇ ನಿಂತಿದ್ದು, ಒಂದರ ತುಂಬ ಚಹಾ ಕುಡಿದೆಸೆದ ಕಾಗದದ ಲೋಟಗಳಿವೆ. ಹಳೆಯ ಗುಲ್‌ಮೊಹರ್ ಮರಗಳು ವಿದ್ಯುತ್ ತಂತಿಗೆ ತಾಗುತ್ತವೆಂದು ವರ್ಷವರ್ಷವೂ ಒಂದೇ ಮಗ್ಗುಲಲ್ಲಿ ಕೊಂಬೆ ಕಳೆದುಕೊಂಡು ರಸ್ತೆಯತ್ತ ವಾಲಿವೆ. ಅವನ್ನು ಕಡಿಯಬೇಕೆಂಬುದು ನಮ್ಮ ಕೋರಿಕೆಯಲ್ಲ. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ ಇರುವುದು ನಮಗೂ ಗೊತ್ತು. ಹೊಸದಾಗಿ ನೆಡುವಾಗಲಾದರೂ ತಂತಿಯ ಬದಿಗೆ ದೇವಕಣಗಿಲೆಯನ್ನು ಆರಿಸಬೇಕೆಂದು ಕೋರುತ್ತೇವೆ.

ರಸ್ತೆ ತಿರುವಿನ ಗುಡಿಯ ಹಿಂದೆ ಚಪ್ಪಡಿಗಳ ಸಂದಿಯಲ್ಲಿ ಇಂಥದೊಂದು ಮರವಿದೆ. ಅದಕ್ಕೆ ನೀರು ಹಾಕಿದವರನ್ನು ನಾವು ಕಂಡಿಲ್ಲ. ಚಳಿ ಮುಗಿಯುವ ಹೊತ್ತಿಗೆ ಎಲೆಯೆಲ್ಲ ಉದುರಿ, ಮೊಂಡು ಬೆರಳಿನಂಥ ಬೂದು ಕೊಂಬೆಗಳು ಉಳಿದಾಗ ಒಣಗಿತೆಂದೇ ಅನಿಸುತ್ತದೆ. ಬೇಸಿಗೆಯಲ್ಲಿ ಅದೇ ಕೊಂಬೆಗಳ ತುದಿಯಲ್ಲಿ, ಎಲೆಗೂ ಮೊದಲೇ, ನಡುವೆ ಅರಿಶಿನ ಬಳಿದಂತಿರುವ ಬಿಳಿ ಹೂಗೊಂಚಲು ಕಾಣಿಸಿಕೊಳ್ಳುತ್ತದೆ. ತಿರುಳು ತುಂಬಿದ ದಪ್ಪ ಕೊಂಬೆಗಳಲ್ಲಿ ನೀರು ಕೂಡಿಟ್ಟು, ಎಲೆ ಉದುರಿಸಿ ಅದನ್ನು ಉಳಿಸಿಕೊಳ್ಳುವುದೇ ಅದರ ಬಾಳ್ವೆಯ ಗುಟ್ಟು. ಸಾಮಾನ್ಯವಾಗಿ 15ರಿಂದ 20 ಅಡಿ ಬೆಳೆಯುವ ಮರವಾದ್ದರಿಂದ ತಂತಿಯ ಕೆಳಗೆ ಅಲ್ಪಸ್ವಲ್ಪ ಸವರಿದರೆ ಸಾಕು. ಮುರಿದರೆ ಹಾಲು ಒಸರುವ ಕಾರಣ ಬಿಡಾಡಿ ದನಗಳೂ ಅದಕ್ಕೆ ಬಾಯಿ ಹಾಕುವುದು ಕಡಿಮೆ.

ಸಸಿ ಖರೀದಿಯ ಖರ್ಚೂ ಬೇಡ. ಒಂದೂವರೆಯಿಂದ ಎರಡು ಅಡಿಯ ಬಲಿತ ಕಡ್ಡಿಗಳನ್ನು ಕತ್ತರಿಸಿ, ಗಾಯದ ಹಾಲು ಆರುವಂತೆ ಹತ್ತು ದಿನ ನೆರಳಿನಲ್ಲಿಟ್ಟು ನೆಟ್ಟರೆ ಬೇರೂರುತ್ತವೆ. ಕಡ್ಡಿಗಳನ್ನು ನಾವೇ ಒದಗಿಸುತ್ತೇವೆ. ಆದರೆ ನೀರು ನಿಂತರೆ ಬುಡ ಕೊಳೆಯುವುದರಿಂದ ಗುಂಡಿಯ ಸುತ್ತ ಸಿಮೆಂಟ್ ಕಟ್ಟೆ ಕಟ್ಟದೆ, ಚರಂಡಿ ಕಡೆಗೆ ಇಳಿಜಾರು ಬಿಡಬೇಕು. ಹಾಲು ಚರ್ಮಕ್ಕೆ, ಕಣ್ಣಿಗೆ ಉರಿ ತರುವುದರಿಂದ ಮಕ್ಕಳ ಆಟದ ಜಾಗದ ಪಕ್ಕ ನೆಡುವುದು ಬೇಡ.

ಇದು ಗೋರಿಗಳ ಬಳಿಯ ಮರವೆಂದು ನಮ್ಮ ಸಭೆಯಲ್ಲಿ ಹಿರಿಯರೊಬ್ಬರು ಆಕ್ಷೇಪಿಸಿದ್ದರು. ಗುಡಿಯ ಮರವನ್ನು ತೋರಿಸಿದ ಮೇಲೆ ಅವರೇ ಮೊದಲ ಸಹಿ ಹಾಕಿದ್ದಾರೆ. ಮೂಲತಃ ಮಧ್ಯ ಅಮೆರಿಕ ಕಡೆಯ ಗಿಡವೆಂಬ ಮಾತೂ ಬಂತು, ಅದು ನಿಜವೇ. ಹಾಗಾಗಿ ತಂತಿ ಇಲ್ಲದ ಎದುರು ಬದಿಗೆ ನಮ್ಮ ನೆಲದ್ದೇ ಆದ, ನೀರು ಕಡಿಮೆ ಬೇಡುವ ಕಕ್ಕೆಯನ್ನು ನೆಡಬಹುದು. ಅದು ತುಸು ಎತ್ತರ ಬೆಳೆಯುವುದರಿಂದ ತಂತಿ ಬದಿಗೆ ಸಲ್ಲದು.

ಗುಂಡಿ ತೆಗೆಯುವ ಮುನ್ನ ತಮ್ಮ ಕಿರಿಯ ಎಂಜಿನಿಯರರು ಒಮ್ಮೆ ಸ್ಥಳಕ್ಕೆ ಬಂದು ಜಾಗ ಗುರುತಿಸಿಕೊಡುವಂತೆ ಸೂಚಿಸಬೇಕೆಂದು ವಿನಂತಿ. ಮೊದಲ ಎರಡು ಬೇಸಿಗೆ ವಾರಕ್ಕೊಮ್ಮೆ ನೀರುಣಿಸುವ ಹೊಣೆಯನ್ನು ಆಯಾ ಮನೆಯವರು ಒಪ್ಪಿದ್ದು, ಸಹಿಗಳ ಪಟ್ಟಿಯನ್ನು ಲಗತ್ತಿಸಿದೆ.

ಇಂತಿ ತಮ್ಮ ವಿಶ್ವಾಸಿಗಳು,
ಎರಡನೇ ಮುಖ್ಯರಸ್ತೆಯ ನಿವಾಸಿಗಳು