ಒತ್ತಿದ್ದು ಒಮ್ಮೆ, ಎಣಿಸಿದ್ದು ಮೂರು

ಮಾನ್ಯರೇ,

ಮಕ್ಕಳು ತಾವೇ ಜೋಡಿಸಬಹುದಾದ ಎಣಿಕೆ ಯಂತ್ರದ ಬಗ್ಗೆ ನಿಮ್ಮ ವಿಜ್ಞಾನ ಪುಟದಲ್ಲಿ ಬಂದ ಲೇಖನ ಓದಿದೆ. ಪ್ರೋಗ್ರಾಂ ಬರೆದು ನಡೆಸುವ ಮೈಕ್ರೋಕಂಟ್ರೋಲರ್ ಚಿಪ್ ಇಲ್ಲದೆ, ಬರೀ ಲಾಜಿಕ್ ಐಸಿಗಳಿಂದ (ಗೇಟ್ ಎಂಬ ಪುಟ್ಟ ಹೌದು-ಅಲ್ಲ ಸರ್ಕಿಟ್‌ಗಳಿರುವ ಚಿಪ್‌ಗಳು) ಕೆಲಸ ಮಾಡಿಸುವುದು ಒಳ್ಳೆಯ ಯೋಚನೆಯೇ. ಆದರೆ ಒಂದು ಒತ್ತಿಗೆ ಒಂದೇ ಎಣಿಕೆ ಬರಲು ಪುಶ್ ಬಟನ್‌ಗೆ ಅಡ್ಡಲಾಗಿ ಒಂದು ಕೆಪಾಸಿಟರ್ (ವಿದ್ಯುತ್ತು ತುಂಬಿಟ್ಟುಕೊಳ್ಳುವ ಬಿಡಿಭಾಗ) ಹಾಕಿದರೆ ಸಾಕೆಂಬ ಸಲಹೆಗೆ ನನ್ನ ತಕರಾರಿದೆ.

ಬಟನ್ ಒತ್ತಿದಾಗ ಒಳಗಿನ ಲೋಹದ ಎಲೆ ಒಂದೇ ಸಲಕ್ಕೆ ಕಚ್ಚಿ ಕೂರುವುದಿಲ್ಲ. ಕೆಲವು ಮಿಲಿಸೆಕೆಂಡುಗಳ ಕಾಲ ತಾಗಿ, ಬಿಟ್ಟು, ಮತ್ತೆ ತಾಗುತ್ತದೆ. ಅಷ್ಟರಲ್ಲಿ ಕೌಂಟರ್ ಎರಡೋ ಮೂರೋ ಎಣಿಸಿರುತ್ತದೆ. ಆಸ್ಪತ್ರೆಯ ಟೋಕನ್ ಫಲಕ 41ರಿಂದ ನೇರವಾಗಿ 44ಕ್ಕೆ ಹಾರಿ, ನಡುವಿನ ಇಬ್ಬರು ಜಗಳಕ್ಕೆ ನಿಂತದ್ದನ್ನು ನಾನೇ ನೋಡಿದ್ದೇನೆ. ಅಂಥ ಫಲಕಗಳ ರಿಪೇರಿಯೇ ನನ್ನ ಕಸುಬು.

ಬರೀ ಕೆಪಾಸಿಟರ್ ಹಾಕಿದರೆ ಎರಡು ತೊಂದರೆ. ಒತ್ತಿದ ಪ್ರತಿ ಸಲವೂ ಅದರಲ್ಲಿ ತುಂಬಿದ ವಿದ್ಯುತ್ತು ಸ್ವಿಚ್ಚಿನ ತುದಿಗಳ ಮೂಲಕ ಒಮ್ಮೆಲೇ ನುಗ್ಗಿ ಅವನ್ನು ಸವೆಸುತ್ತದೆ. ಜೊತೆಗೆ, ನಿಧಾನವಾಗಿ ಏರಿಳಿಯುವ ವೋಲ್ಟೇಜ್ ಸಾಮಾನ್ಯ ಗೇಟಿಗೆ ಒಗ್ಗುವುದಿಲ್ಲ. ನಡುಹಂತದಲ್ಲಿ ಗೇಟಿನ ಔಟ್‌ಪುಟ್ ತಾನೇ ಕಂಪಿಸತೊಡಗುತ್ತದೆ. ರೋಗಕ್ಕಿಂತ ಮದ್ದೇ ಜೋರಾಯಿತು.

ನಾನು ಮಾಡುವುದು ಹೀಗೆ: 5 ವೋಲ್ಟಿನಿಂದ 10 ಕಿಲೋ ಓಮ್ ರೆಸಿಸ್ಟರ್ ಬಟನ್ನಿಗೆ, ಬಟನ್ನಿನ ಇನ್ನೊಂದು ತುದಿ ಗ್ರೌಂಡಿಗೆ. ಆ ರೆಸಿಸ್ಟರ್ ಮತ್ತು ಬಟನ್ ಕೂಡುವಲ್ಲಿಂದ 100 ಕಿಲೋ ಓಮ್ ರೆಸಿಸ್ಟರ್ ಮೂಲಕ 0.1 ಮೈಕ್ರೋಫ್ಯಾರಡ್ ಕೆಪಾಸಿಟರಿಗೆ. ಕಾಲಾಂಕ, ಅಂದರೆ ಕೆಪಾಸಿಟರ್ ತುಂಬುವ ಇಲ್ಲವೇ ಖಾಲಿಯಾಗುವ ನಿಧಾನದ ಅಳತೆ, ಸುಮಾರು 10 ಮಿಲಿಸೆಕೆಂಡು. ಹೆಚ್ಚಿನ ಬಟನ್‌ಗಳ ಪುಟಿತ ಇದರೊಳಗೆ ಅಡಗುತ್ತದೆ. ಅಲ್ಲಿಂದ 74ಎಚ್‌ಸಿ14 ಐಸಿಗೆ. ಇದರಲ್ಲಿರುವುದು ಸ್ಮಿಟ್ ಟ್ರಿಗರ್ ಗೇಟುಗಳು. ಏರುವಾಗ ಒಂದು ಮಟ್ಟದಲ್ಲಿ, ಇಳಿಯುವಾಗ ಅದಕ್ಕಿಂತ ಕೆಳಗಿನ ಮಟ್ಟದಲ್ಲಿ ಮಗ್ಗುಲು ಬದಲಿಸುವುದರಿಂದ ಒಂದು ಒತ್ತಿಗೆ ಒಂದೇ ಎಣಿಕೆ.

ಒತ್ತಿದಾಗ ಎಲೆ ಒಂದು ಬದಿಯಿಂದ ಇನ್ನೊಂದು ಬದಿಗೆ ಹೊರಳುವ ಮೂರು ಕಾಲಿನ ಮೈಕ್ರೋ ಸ್ವಿಚ್ ಸಿಕ್ಕರಂತೂ ಕೆಪಾಸಿಟರಿನ ಗೊಡವೆಯೇ ಬೇಡ. ಎರಡು ನ್ಯಾಂಡ್ ಗೇಟುಗಳಿಂದ ಲ್ಯಾಚ್ (ಕೊನೆಯ ಸ್ಥಿತಿಯನ್ನು ಹಿಡಿದಿಡುವ ಜೋಡಣೆ) ಕಟ್ಟಿದರೆ, ಎಲೆ ಹೊಸ ಬದಿಗೆ ಮೊದಲ ಸಲ ತಾಗಿದೊಡನೆ ಲ್ಯಾಚ್ ಹೊರಳಿ ನಿಲ್ಲುತ್ತದೆ. ಎಲೆ ಎಷ್ಟೇ ಪುಟಿದರೂ ಮರಳಿ ಹಳೆಯ ಬದಿಯನ್ನು ಮುಟ್ಟುವಷ್ಟು ಪುಟಿಯುವುದಿಲ್ಲ. ಕಾಲಾಂಕದ ಲೆಕ್ಕವೇ ಇಲ್ಲದ ಈ ವಿಧಾನ ನನಗೆ ಹೆಚ್ಚು ಇಷ್ಟ. ತಂತಿ ಮಾತ್ರ ಒಂದು ಹೆಚ್ಚು ಬೇಕು, ಸ್ವಿಚ್ಚಿಗೂ ತುಸು ಹೆಚ್ಚು ದುಡ್ಡು.

ಮುಂದಿನ ವಾರ ಇವೆರಡರ ಚಿತ್ರವನ್ನೂ ಪ್ರಕಟಿಸಬೇಕೆಂದು ಕೋರುತ್ತೇನೆ. 74ಎಚ್‌ಸಿ14ರಲ್ಲಿ ಆರು ಗೇಟುಗಳಿವೆ. ಬಳಸದ ಐದರ ಇನ್‌ಪುಟ್ ಪಿನ್‌ಗಳನ್ನು ಗ್ರೌಂಡಿಗೆ ಜೋಡಿಸಬೇಕೆಂಬುದನ್ನೂ ಚಿತ್ರದಲ್ಲೇ ತೋರಿಸಿ. ಮಕ್ಕಳು ಅವನ್ನು ಹಾಗೇ ಬಿಟ್ಟುಬಿಡುತ್ತಾರೆ.

– ಎಲೆಕ್ಟ್ರಾನಿಕ್ಸ್ ರಿಪೇರಿಗಾರ, ಹಾಸನ