ಹೆಣ್ಣಾಳಿಗೇಕೆ ಕಡಿಮೆ ಕೂಲಿ?

ಮಾನ್ಯ ಸಂಪಾದಕರೇ,

ಶಿರಸಿ ಸುತ್ತಲಿನ ಅಡಿಕೆ ತೋಟಗಳಲ್ಲಿ ಇಂದಿಗೂ ಗಂಡಾಳಿಗೆ ಒಂದು ಕೂಲಿ, ಹೆಣ್ಣಾಳಿಗೆ ಇನ್ನೊಂದು. ಮರ ಹತ್ತುವ ಕೊನೆಗೌಡರಿಗೆ ಜಾಸ್ತಿ ಕೊಡುವುದು ಸರಿಯೇ. ಆದರೆ ಸೊಪ್ಪು, ಗೊಬ್ಬರ ಹೊರುವಾಗ ಇಬ್ಬರ ತಲೆಯ ಮೇಲೂ ಅದೇ ಹೆಡಿಗೆ ಅಲ್ವಾ? ಕಳೆದ ವಾರ ನಮ್ಮ ತೋಟದಲ್ಲೇ ಅಕ್ಕ ಒಬ್ಬರು ಪಗಾರ ಎಣಿಸಿ, ‘ಹಿಂದಿನಿಂದ ಬಂದದ್ದು, ಕೇಳಿದರೆ ನಾಳೆ ಕರೆಯೋದಿಲ್ಲ’ ಎನ್ನುತ್ತ ಸುಮ್ನೆ ಸೆರಗಿನ ತುದಿಗೆ ನೋಟು ಕಟ್ಟಿಕೊಂಡರು. ಆ ಮುಖ ಮರೆಯಲಾಗುತ್ತಿಲ್ಲ. ವಾಡಿಕೆ ಎಂದು ನುಂಗಿಕೊಂಡ ಅನ್ಯಾಯ ಮೈಮನಸ್ಸು ಎರಡನ್ನೂ ಕೊರೆಯುತ್ತದೆ. ಸಮಾನ ವೇತನದ ಕಾಯ್ದೆ 1976ರಲ್ಲೇ ಬಂತು. ಉದ್ಯೋಗ ಖಾತರಿ ಕೆಲಸದಲ್ಲೂ ಇಬ್ಬರಿಗೂ ಒಂದೇ ಕೂಲಿ. ಈ ಸಲದ ಕೊಯ್ಲಿಗೆ ಮುಂಚೆ ಬೆಳೆಗಾರರು, ಕೆಲಸಗಾರರು ಒಟ್ಟಿಗೆ ಕೂತು ಒಂದೇ ದರ ಗೊತ್ತು ಮಾಡಲಿ. ಆ ಮಾತುಕತೆಯಲ್ಲಿ ಹೆಂಗಸರೂ ಇರಲಿ.

– ಒಬ್ಬ ಅಡಿಕೆ ಬೆಳೆಗಾರ, ಶಿರಸಿ