ಹಳೆ ಕತ್ತಿ ಬಳಸೋದಾ, ಎತ್ತಿಡೋದಾ?

ಎಲ್ಲರಿಗೂ ನಮಸ್ಕಾರ. ನಮ್ಮ ಕೊಡವರ ಆಯುಧಪೂಜೆಯ ಹಬ್ಬ ಕೈಲ್ ಪೊಳ್ದ್ ಹತ್ತಿರ ಬಂತು. ಮನೆಯ ಹಳೆ ಪೀಚೆಕತ್ತಿ (ಸೊಂಟಕ್ಕೆ ಸಿಕ್ಕಿಸುವ ಕಿರುಗತ್ತಿ), ಒಡಿಕತ್ತಿ (ಅಗಲ ಅಲಗಿನ ದೊಡ್ಡ ಕತ್ತಿ) ಬಳಸಬಹುದಾ ಅಂತ ಹಲವರು ಕೇಳಿದ್ದೀರಿ.

ಎರಡಕ್ಕೂ ಒಂದೇ ಉತ್ತರ ಇಲ್ಲ. ಬೆಳ್ಳಿ ಕೆಲಸದ ಪೀಚೆಕತ್ತಿ ಚೇಲೆಗೆ (ಸೊಂಟಕ್ಕೆ ಕಟ್ಟುವ ಪಟ್ಟಿಗೆ) ಸಿಕ್ಕಿಸಿಕೊಂಡರೆ ಸಾಕು, ಅದರಲ್ಲಿ ಹಣ್ಣು ಕೊಯ್ಯಬೇಡಿ. ಒಡಿಕತ್ತಿ ಇರುವುದೇ ಕಡಿಯಲಿಕ್ಕೆ. ಅಲಗು ಗಟ್ಟಿಯಿದ್ದರೆ ನಮ್ಮ ಮದುವೆಯಲ್ಲಿ ಬಾಳೆ ದಿಂಡು ಕಡಿಯುವ ಶಾಸ್ತ್ರಕ್ಕೆ ಧಾರಾಳವಾಗಿ ಬಳಸಿ. ಹಿಡಿ ಸಡಿಲವಿದ್ದರೆ ಮಾತ್ರ ಬೇಡವೇ ಬೇಡ, ಸುತ್ತ ಜನ ನಿಂತಿರುತ್ತಾರೆ ಅಲ್ವಾ. ಬಾಳೆಯ ಸೊನೆ ಕಬ್ಬಿಣಕ್ಕೆ ಕಪ್ಪು ಕಲೆ ಹಿಡಿಸುತ್ತದೆ. ಕಡಿದ ಕೂಡಲೇ ತೊಳೆದು, ಒರೆಸಿ, ತೆಳ್ಳಗೆ ಎಣ್ಣೆ ಸವರಿ. ತೆಂಗಿನೆಣ್ಣೆಗಿಂತ ಹೊಲಿಗೆ ಯಂತ್ರದ ಎಣ್ಣೆ ವಾಸಿ, ಅಂಟು ಕಟ್ಟುವುದಿಲ್ಲ.

ಎತ್ತಿಡುವವರು ಚರ್ಮದ ಒರೆಯೊಳಗೆ ಇಡಬೇಡಿ. ನಮ್ಮ ಕೊಡಗಿನ ಮಳೆಗಾಲದಲ್ಲಿ ಚರ್ಮ ತೇವ ಹೀರುತ್ತದೆ, ಒಳಗೊಳಗೇ ತುಕ್ಕು ಶುರು. ಸ್ಯಾಂಡ್‌ಪೇಪರ್ ಹಾಕಿ ಫಳಫಳ ಮಾಡುವ ಆಸೆಯೂ ಬೇಡ. ಸುಮ್ನೆ ಹಳೆ ಮೈಬಣ್ಣ ಹೋಗುತ್ತದೆ, ಜೊತೆಗೆ ಬೆಲೆಯೂ.

ಇನ್ನೊಂದು ಮಾತು. ಹಿಡಿ ಆನೆದಂತದ್ದಾದರೆ ಮಾರುವ ಮಾತು ಈ ಗುಂಪಿನಲ್ಲಿ ಬೇಡ. 1972ರ ವನ್ಯಜೀವಿ ಕಾಯ್ದೆ ಪ್ರಕಾರ ಅದು ಅಪರಾಧ. ಅಂಥ ಪೋಸ್ಟ್ ಕಂಡರೆ ತೆಗೆಯುತ್ತೇವೆ.

ಪೂಜೆಗೆ ತೋಕ್ ಪೂ (ಗೌರಿ ಹೂ) ಸಿಕ್ಕಿಸಿದ ಕತ್ತಿಗಳ ಫೋಟೋ ಖಂಡಿತ ಹಾಕಿ.